ನನ್ನ ಅಂಗಡಿ ಬಾಗಿಲಲ್ಲಿ ನೀನು ಹೇಳಿದ ಕಥೆ

ಸೋಮವಾರ, ಅಂಗಡಿಯಿಂದ

ಅಕ್ಕಾ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗುರುತು ಕಾಣಿಸಿದರೆ ಕಾಣಿಸಲಿ. ಫೋನಿನಲ್ಲಾದರೆ ನೀನು ನನ್ನ ಬಾಯಿ ಮುಚ್ಚಿಸಿಬಿಡುತ್ತೀಯ, ಅದಕ್ಕೇ ಈ ಕಾಗದ.

ಪರದೇಶದಿಂದ ಬಂದ ನಾವೇ ಈ ಊರಿನವರನ್ನು ನಮ್ಮ ಬೀದಿಗಳಲ್ಲಿ ನಡೆಸಿಕೊಂಡು ಹೋಗಿ ನಮ್ಮ ಬದುಕು ತೋರಿಸಬೇಕು, ಆಗ ಇಬ್ಬರ ನಡುವಿನ ಬಿಗುಮಾನ ಕರಗುತ್ತದೆ ಎಂದು ನೀನು ಹೊರಟಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ಭಾನುವಾರ ಬಂತೆಂದರೆ ನನ್ನ ಹೊಲಿಗೆ ಅಂಗಡಿಯ ನೆಲ ಗುಡಿಸಿ, ಚಿಂದಿಯನ್ನೆಲ್ಲ ಮೂಲೆಗೆ ತಳ್ಳಿ ಕಾಯುತ್ತಿದ್ದೆ. ಕೆಂಪು ಕೊಡೆ ಎತ್ತಿ ಹಿಡಿದು ಮುಂದೆ ನೀನು, ಹಿಂದೆ ಮಂದಿ. ಬಾಗಿಲಲ್ಲಿ ನಿಂತು ಅವರ ಭಾಷೆಯಲ್ಲಿ ನೀನು ಏನೇನೋ ಹೇಳುವಾಗ ನಾನು ಹಲ್ಲು ಕಿರಿಯುತ್ತ ಮೆಷಿನ್ ತುಳಿಯುತ್ತಿದ್ದೆ. ಏನು ಹೇಳಿದೆ ಎಂದು ಕೇಳಿದರೆ, ನಿನ್ನ ಕೈಕೆಲಸ ಹೊಗಳಿದೆ ಕಣೇ ಎನ್ನುತ್ತಿದ್ದೆ ನೀನು. ಅವರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿಯುತ್ತಿದ್ದರು. ಅಂಗಿಯ ಗುಂಡಿಗೆ ಹೊಲಿದ ಕಾಜಾ ನೋಡಿ ಅಳುವಷ್ಟು ಮೃದು ಜನ ಎಂದುಕೊಂಡಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳು ಸಿಗುತ್ತಾಳೆಯೇ?

ನಿನಗೆ ಹೇಳದೆ ಸಂಜೆಯ ಭಾಷಾ ತರಗತಿಗೆ ಸೇರಿದ್ದೆ. ಒಂದು ದಿನ ನಿನ್ನ ಪಕ್ಕ ನಿಂತು ನಾನೂ ಎರಡು ಮಾತಾಡಿ ನಿನ್ನನ್ನು ಬೆರಗುಗೊಳಿಸುವ ಆಸೆ ನನಗೆ.

ನಿನ್ನೆ ನಿನ್ನ ಮಾತು ಪೂರ್ತಿ ಅರ್ಥವಾಯಿತು. ಇವಳು ನನ್ನ ತಂಗಿ, ಇವಳ ಗಂಡ ಬೇರೊಬ್ಬಳ ಜೊತೆ ಹೊರಟುಹೋದ, ನಾಲ್ಕು ಜನಕ್ಕೆ ಗೊತ್ತಾಗಬಾರದೆಂದು ಈಗಲೂ ಅವನ ಬೂಟಿಗೆ ಪಾಲಿಶ್ ಹಾಕಿ ಬಾಗಿಲ ಹೊರಗೆ ಇಡುತ್ತಾಳೆ, ದಯವಿಟ್ಟು ಅವಳೆದುರು ಈ ಮಾತು ಎತ್ತಬೇಡಿ ಎಂದೆ. ಹೇಳುತ್ತ ಹೇಳುತ್ತ ನೀನು ಸೆರಗಿನಿಂದ ಕಣ್ಣೊತ್ತಿಕೊಂಡೆ. ಎಂಥ ನಟನೆ ಎಂದು ನನಗೆ ಮೈಯೆಲ್ಲ ಉರಿಯಿತು.

ನನ್ನ ಗಂಡ ನನ್ನನ್ನು ಬಿಟ್ಟು ಹೋದದ್ದು ನಿಜ. ಹೋದದ್ದು ಆಸ್ಪತ್ರೆಯ ಮಂಚದಿಂದ, ನನ್ನ ಕೈ ಹಿಡಿದುಕೊಂಡೇ. ಆ ಮಂಚದ ಇನ್ನೊಂದು ಪಕ್ಕ ನೀನೇ ನಿಂತಿದ್ದೆ. ಈ ಮೆಷಿನನ್ನು ಬೆನ್ನ ಮೇಲೆ ಹೊತ್ತು ತಂದವನು ಅವನು. ಅಂಥವನ ಮುಖಕ್ಕೆ ಮಸಿ ಬಳಿಯಲು ನಿನಗೆ ಮನಸ್ಸಾದರೂ ಹೇಗೆ ಬಂತು? ಅವನ ಬೂಟುಗಳನ್ನು ಯಾರಿಗೋ ಕೊಟ್ಟು ಬಂದವಳೂ ನೀನೇ ಅಲ್ಲವೇ? ಬೇರೆ ಯಾರಾದರೂ ನನಗೆ ಹೀಗೆ ಮಾಡಿದ್ದರೆ ನಿನ್ನ ಹತ್ತಿರ ಓಡಿಬಂದು ಅಳುತ್ತಿದ್ದೆ. ಈಗ ಯಾರ ಹತ್ತಿರ ಹೋಗಲಿ?

ಬರುವ ಭಾನುವಾರ ನನ್ನ ಅಂಗಡಿ ಮುಚ್ಚಿರುತ್ತದೆ. ನಿನ್ನ ಮಂದಿಯನ್ನು ಬೇರೆ ಬೀದಿಯಲ್ಲಿ ಕರೆದುಕೊಂಡು ಹೋಗು.

ಇಂತಿ,
ನಿನ್ನ ಕಥೆಗೆ ಸಿಕ್ಕ ತಂಗಿ

ತಾ.ಕ.: ಇದನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗೋಣವೆಂದು ಬಂದೆ. ಭಾವ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ, ಇನ್ನೇನು ಬಂದುಬಿಡುತ್ತಾರೆ ಎಂದು ನೀನು ತಿಂಗಳುಗಳಿಂದ ಹೇಳುತ್ತಲೇ ಇದ್ದೀಯ, ನಾನೂ ನಂಬುತ್ತಲೇ ಬಂದೆ. ಅವರ ಬೂಟುಗಳು ಬಾಗಿಲ ಹೊರಗೆ ಇವೆ. ಪಾಲಿಶ್ ಹಸಿಯಾಗಿದೆ, ಮುಟ್ಟಿದರೆ ಬೆರಳಿಗೆ ಕಪ್ಪು ಹತ್ತಿತು. ನಿನ್ನ ಮೆಟ್ಟಿಲ ಮೇಲೆ ಕುಳಿತು ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಅಳಿಸುವುದಿಲ್ಲ. ದಾರಿಹೋಕರಿಗೆಲ್ಲ ಹೇಳಿಕೊಂಡು ಅತ್ತೆಯಲ್ಲ ಅಕ್ಕಾ, ನನಗೊಬ್ಬಳಿಗೆ ಹೇಳಲಿಲ್ಲ.