ವನಮಾಲಾ ಆಂಟಿಯ ಕೊನೆಯ ಪ್ಯಾರಾ

ಸೀವುಡ್ಸ್
ಭಾನುವಾರ ಸಂಜೆ

ನನ್ನ ಪ್ರೀತಿಯ ವನಮಾಲಾ ಆಂಟಿ,

ಓದಿದೆ. ಪೂರ್ತಿ ಓದಿದೆ, ಎರಡು ಸಲ ಓದಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಯಾಣದಿಂದ ಠಾಣೆ, ಠಾಣೆಯಿಂದ ಸೀವುಡ್ಸ್ ಎಂದು ಎರಡು ರೈಲು ಬದಲಿಸುವವರೆಗೂ ತಡೆದುಕೊಂಡು ಬಂದಿದ್ದೇನೆ, ಇನ್ನು ಆಗುವುದಿಲ್ಲ. ನನ್ನ ಗಂಡ (ಮದುವೆಯಾಗಿ ನಲವತ್ತೊಂದು ದಿನವಾಯಿತು, ಈ ಪದ ಬರೆಯುವಾಗ ಈಗಲೂ ನಗು ಬರುತ್ತದೆ) ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ನೀರು ಎಷ್ಟೆಂದು ಮೂರನೇ ಸಲ ಕೇಳುತ್ತಿದ್ದಾನೆ. ಕೇಳಲಿ. ಇವತ್ತು ನಾನು ನಿಮ್ಮವಳು.

ನೀವು ಹೋಗಿ ಹದಿನೇಳು ದಿನ. ಎಲ್ಲರೂ ಅಳುವ ದನಿಯಲ್ಲಿ ಫೋನ್ ಮಾಡುತ್ತಾರೆ. ನನಗೆ ಮಾತ್ರ ನಿಮ್ಮನ್ನು ನೆನೆದರೆ ಯಾರೋ ಪಂದ್ಯ ಗೆದ್ದು ಬಂದ ಹಾಗೆ ಎದೆ ಉಬ್ಬುತ್ತದೆ. ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿಯನ್ನು ಮೇಲಿನ ಮಹಡಿಯ ನಿಮ್ಮ ಅಡುಗೆಮನೆಯಲ್ಲಿ ಕೂರಿಸಿ ಕನ್ನಡ ಅಕ್ಷರ ತಿದ್ದಿಸಿದವರು ನೀವು. ಅಮ್ಮ ಕೇಳಿದಾಗ, 'ನಮ್ಮ ಮಂಗಳೂರಿಗೆ ಹೋದರೆ ಬಸ್ಸಿನ ಬೋರ್ಡು ಓದ್ಲಿಕ್ಕಾದ್ರೂ ಬರ್ಬೇಕಲ್ಲ ಮಾರಾಯ್ತಿ' ಎಂದಿದ್ದಿರಂತೆ. ನಾನು ಬಸ್ಸಿನ ಬೋರ್ಡಿಗಿಂತ ಮೊದಲು ಓದಿದ್ದು ನಿಮ್ಮ ಹಳೆಯ ಕನ್ನಡ ಬೈಬಲ್, ಸತ್ಯವೇದವನ್ನು, ಅದೂ ದಪ್ಪ ಅಕ್ಷರ ಇರುವ ಸಾಲುಗಳನ್ನು ಮಾತ್ರ.

ರೈಲ್ವೆ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರು ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ಗುರುವಾರ ಬಂತೆಂದರೆ ಒಂದು ಚೀಲ: ಬಾಚಣಿಗೆ, ಉಗುರು ಕತ್ತರಿ, ಕೊಬ್ಬರಿ ಎಣ್ಣೆ. ದಿಕ್ಕಿಲ್ಲದ ಮುದುಕಿಯರಿರುವ ವಾರ್ಡಿಗೆ ಹೋಗಿ ಒಬ್ಬೊಬ್ಬರಿಗೂ ತಲೆ ಬಾಚುತ್ತಿದ್ದಿರಿ. ಕಾಲೇಜಿನಲ್ಲಿದ್ದಾಗ ನಾನೂ ಒಮ್ಮೆ ಬಂದಿದ್ದೆ. ವಾಸನೆ ತಡೆಯಲಾಗದೆ ಬಾಗಿಲ ಹತ್ತಿರವೇ ನಿಂತುಬಿಟ್ಟೆ. ನೀವು ಬೈಯಲಿಲ್ಲ. ಒಬ್ಬ ಅಜ್ಜಿಯ ಜಡೆಯ ತುದಿಗೆ ಕಟ್ಟಲು ನನ್ನ ಕೂದಲಿನ ಹಸಿರು ರಬ್ಬರ್ ಬ್ಯಾಂಡ್ ಕೇಳಿ ತೆಗೆದುಕೊಂಡಿರಿ, ಅಷ್ಟೆ. ಆ ಅಜ್ಜಿ ಸಂಜೆಯವರೆಗೂ ಜಡೆಯನ್ನು ಭುಜದ ಮೇಲಿಂದ ಮುಂದೆ ಎಳೆದು ನೋಡಿಕೊಳ್ಳುತ್ತಿದ್ದಳು. ನೀವು ಅವರಿಗೆ ಯೇಸುವಿನ ಬಗ್ಗೆ ಏನಾದರೂ ಹೇಳುತ್ತೀರೇನೋ ಎಂದು ಕಾದಿದ್ದೆ. ನೀವು ಕೇಳಿದ್ದು ಹೆಸರು ಮಾತ್ರ, ಊರು ಮಾತ್ರ. ದೇವರ ಹತ್ತಿರ ಮಾತಾಡುವುದೆಲ್ಲ ಬೆಳಗಿನ ಐದು ಗಂಟೆಗೆ, ಮನೆಯಲ್ಲಿ. ಆಗ ಆ ಎಲ್ಲ ಹೆಸರುಗಳೂ ನಮ್ಮ ಮನೆಯ ಚಾವಣಿಯ ಮೂಲಕ ಕೇಳಿಸುತ್ತಿದ್ದವು. ನನ್ನ ಹತ್ತನೇ ಕ್ಲಾಸಿನ ಗಣಿತವೂ ಒಂದು ವರ್ಷ ಆ ಪಟ್ಟಿಯಲ್ಲಿತ್ತು.

ತಿಂಗಳ ಎರಡನೇ ಭಾನುವಾರ ನಾಲ್ಕು ಗಂಟೆಗೆ, ಮರಾಠಿಯವರ ಆರಾಧನೆ ಮುಗಿದು ಚರ್ಚು ಖಾಲಿಯಾದ ಮೇಲೆ, ಅಲ್ಲೇ ನಿಮ್ಮ ಕನ್ನಡದ ಆರಾಧನೆ. ಚಿಕ್ಕಂದಿನಲ್ಲಿ ನಾನು ಬರುತ್ತಿದ್ದದ್ದು ಕೊನೆಗೆ ಕೊಡುವ ಪ್ಲಮ್ ಕೇಕಿಗೆ, ನಿಮಗೂ ಗೊತ್ತಿತ್ತು. ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನದ ಹೊತ್ತಿಗೆ ಎಲ್ಲರೂ ಸಾಲಾಗಿ ಮೇಜಿನ ಹತ್ತಿರ ಹೋಗುತ್ತಿದ್ದರು. ನೀವು ಹೋಗುತ್ತಿರಲಿಲ್ಲ. ಇಡೀ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಾರ್ಥನೆ ಮಾಡುವ ನೀವು ಬೆಂಚಿನಲ್ಲೇ ಕೂತಿರುತ್ತಿದ್ದಿರಿ, ನನ್ನ ಹಾಗೆ, ಹಿಂದೂ ಹುಡುಗಿಯ ಹಾಗೆ. ಯಾಕೆಂದು ಕೇಳಿದರೆ, 'ನನ್ನದೊಂದು ಕೆಲಸ ಬಾಕಿ ಉಂಟು, ಅದು ಆಗದೆ ಹೋಗುವ ಹಾಗಿಲ್ಲ' ಎನ್ನುತ್ತಿದ್ದಿರಿ.

ಆ ಕೆಲಸ ಏನೆಂದು ಗೊತ್ತಾದದ್ದು ಈ ವರ್ಷ. ನನ್ನ ಮದುವೆಯ ಕರೆಯೋಲೆ ಹಂಚಲು ಹೊರಟಾಗ ನೀವೂ ಜೊತೆಗೆ ಬಂದು, ಅಂಬರನಾಥದಲ್ಲಿ ಒಂದು ಮನೆಗೆ ಹೋಗಬೇಕು ಎಂದಿರಿ. ನಿಮ್ಮ ತಂಗಿ ನಳಿನಾಕ್ಷಿಯ ಮನೆ. ನಿಮಗೆ ತಂಗಿ ಇದ್ದಾರೆಂಬುದೇ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅವರು ಫ್ಯಾಕ್ಟರಿಯ ಫೋರ್‌ಮನ್ ತಾರಾನಾಥರನ್ನು ದೇವಸ್ಥಾನದಲ್ಲಿ ಮದುವೆಯಾದಾಗ ನೀವು ಸಭೆಯ ಕಾರ್ಯದರ್ಶಿ. ಆಗಿನ ಅಯ್ಯನವರು, ಅಂದರೆ ಸಭಾಪಾಲಕರು, 'ಬೇಡಮ್ಮ, ಬಿಟ್ಟುಬಿಡಿ' ಎಂದರೂ ಕೇಳದೆ ಸಭೆಯ ಪುಸ್ತಕದಲ್ಲಿ ತಂಗಿಯ ಹೆಸರಿನ ಮೇಲೆ ಗೆರೆ ಎಳೆದಿರಿ. ಎಳೆದದ್ದನ್ನು ಮುಂದಿನ ಭಾನುವಾರ ಎಲ್ಲರೆದುರು ಓದಿದಿರಿ. ಕೊನೆಯ ಬೆಂಚಿನಲ್ಲಿ ಅವರು ಕೂತಿದ್ದರು. ಎದ್ದು ಹೋದವರು ಮತ್ತೆ ಬರಲಿಲ್ಲ.

ಅಂಬರನಾಥದಲ್ಲಿ ಬಾಗಿಲು ತೆರೆದವರು ತಾರಾನಾಥರು. ನೀರು ಕೊಟ್ಟರು, ಫ್ಯಾನ್ ಹಾಕಿದರು. ಒಳಗೆ ಮಿಕ್ಸಿ ಓಡುತ್ತಿತ್ತು. ನಾವು ಕೂತಷ್ಟು ಹೊತ್ತೂ ಓಡಿತು. ರುಬ್ಬುವುದಕ್ಕೆ ಏನೂ ಉಳಿದಿರಲಿಲ್ಲ, ಶಬ್ದದಲ್ಲೇ ತಿಳಿಯುತ್ತಿತ್ತು. ಪಾಪ, ತಾರಾನಾಥರು ನೆಲ ನೋಡುತ್ತಿದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ನೀವು ಹೇಳಿದಿರಿ, 'ಅವಳದ್ದು ಸರಿ ಉಂಟು. ನಾನು ಮನೆಯೊಳಗೆ ಮಾಡಿದ ತಪ್ಪಲ್ಲ ಅದು, ಸಭೆಯಲ್ಲಿ ಮಾಡಿದ್ದು. ಮನೆಗೆ ಬಂದು ಗುಟ್ಟಾಗಿ ಕ್ಷಮೆ ಕೇಳಿದರೆ ಹೇಗೆ?'

ಎರಡನೇ ಭಾನುವಾರ ಎದ್ದುನಿಂತು ಹೇಳುತ್ತೇನೆ ಎಂದಿರಿ. ಆ ತಿಂಗಳು ಜ್ವರ, ಮುಂದಿನ ತಿಂಗಳು ಮಳೆಗೆ ರೈಲು ಬಂದ್, ಆರಾಧನೆಯೇ ನಡೆಯಲಿಲ್ಲ. ನನ್ನ ಮದುವೆಯ ಮರುದಿನ ನಾಲ್ಕಾಗಿ ಮಡಚಿದ ಹಾಳೆ ಕೊಟ್ಟಿರಿ. ನಿಮ್ಮಲ್ಲಿ ತೀರಿಕೊಂಡವರ ಜೀವನಚರಿತ್ರೆಯನ್ನು ಸ್ಮರಣೆಯ ಆರಾಧನೆಯಲ್ಲಿ ಯಾರಾದರೂ ಓದುವ ಪದ್ಧತಿ ಇದೆಯಲ್ಲ, ನಿಮ್ಮದನ್ನು ನಾನು ಬರೆದು ಓದಬೇಕು, ಆದರೆ ಕೊನೆಯ ಪ್ಯಾರಾ ಇದೇ ಇರಬೇಕು, ಒಂದಕ್ಷರ ಬದಲಾಗಬಾರದು ಎಂದಿರಿ. ನಾನು ಮೆಹಂದಿ ಕೈ ಆಡಿಸಿ, ನೀವೇ ನೂರು ವರ್ಷ ಓದಿ ಆಂಟಿ, ಎಂದು ನಕ್ಕೆ. ಮೂರು ವಾರಕ್ಕೆ, ಒಂದು ಗುರುವಾರ, ವಾರ್ಡಿನಿಂದ ಬಂದು ಕಾಲು ತೊಳೆದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಈಗ ನಿಜ ಹೇಳುತ್ತೇನೆ. ನನಗೆ ಅದನ್ನು ಓದಲು ಇಷ್ಟವಿರಲಿಲ್ಲ. ಮೂರು ಪುಟ ಬರೆದಿದ್ದೆ, ಎಲ್ಲ ಹೊಗಳಿಕೆ, ಒಂದೊಂದೂ ನಿಜ. ಅದರ ಕೊನೆಗೆ ನಿಮ್ಮ ಹಾಳೆ ಅಂಟಿಸುವುದೆಂದರೆ ಮದುವೆಯ ಸೀರೆಗೆ ನಾನೇ ಶಾಯಿ ಚೆಲ್ಲಿದ ಹಾಗೆ ಅನ್ನಿಸಿತು. ನಿನ್ನೆ ಫೋನಿನಲ್ಲಿ ಹೊಸ ಅಯ್ಯನವರೂ ಅದನ್ನೇ ಹೇಳಿದರು. 'ಇದು ಸ್ಮರಣೆ, ವಿಚಾರಣೆ ಅಲ್ಲ. ಅವರಿಗೂ ಅವಮಾನ, ಸಭೆಗೂ ಅವಮಾನ. ಆ ಪ್ಯಾರಾ ಬಿಟ್ಟುಬಿಡಿ.' ಒಪ್ಪಿಕೊಂಡೇಬಿಟ್ಟಿದ್ದೆ, ಆಂಟಿ. ನನ್ನ ಗಂಡ ಸುಪ್ರೀತ್ ಆ ಮೂರು ಪುಟ ಓದಿ, 'ಚೆನ್ನಾಗಿದೆ. ಆದ್ರೆ ಇದನ್ನ ಕೇಳೋಕೆ ಅವರ ತಂಗಿ ಯಾಕೆ ಬರಬೇಕು ಹೇಳು?' ಎಂದ. ಮೈಸೂರಿನವನು, ಮಾತು ಕಡಿಮೆ. ಆಡಿದರೆ ಹೀಗೆ.

ರಾತ್ರಿಯಾಗುವ ಮೊದಲೇ ಇಬ್ಬರೂ ಅಂಬರನಾಥಕ್ಕೆ ಹೋದೆವು. ಈ ಸಲ ನಳಿನಾಕ್ಷಿಯವರೇ ಬಾಗಿಲಿಗೆ ಬಂದರು. ನಿಮ್ಮದೇ ಹುಬ್ಬು, ನಿಮ್ಮದೇ ನಿಲುವು. ನಾಳೆ ನಾಲ್ಕಕ್ಕೆ ಕಲ್ಯಾಣಕ್ಕೆ ಬನ್ನಿ ಎಂದೆ. 'ಅಲ್ಲಿ ನನ್ನ ಹೆಸರೇ ಇಲ್ಲ, ಎಂತಕ್ಕೆ ಬರುವುದು?' ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ಹಾಕಿಕೊಂಡರು.

ಇವತ್ತು ಹಳಿ ದುರಸ್ತಿಯ ಮೆಗಾಬ್ಲಾಕ್, ಅಂಬರನಾಥದ ಕಡೆಯಿಂದ ರೈಲು ಅರ್ಧಕ್ಕರ್ಧ ಇಲ್ಲ. ನಾನು ಎದ್ದುನಿಂತಾಗ ಚರ್ಚು ತುಂಬಿತ್ತು, ನಿಮ್ಮ ವಾರ್ಡಿನ ಆಯಾಗಳೇ ಎರಡು ಬೆಂಚು ಇದ್ದರು. ನಳಿನಾಕ್ಷಿಯವರು ಮಾತ್ರ ಕಾಣಲಿಲ್ಲ. ಮೂರು ಪುಟ ಒಂದೇ ಉಸಿರಿಗೆ ಓದಿದೆ. ಜನ ನಕ್ಕರು, ಕಣ್ಣೊರಸಿಕೊಂಡರು. ಅಯ್ಯನವರು ಇನ್ನು ಸಾಕು ಎಂಬಂತೆ ತಲೆಯಾಡಿಸಿದರು. ನಾನು ನಿಮ್ಮ ಹಾಳೆ ಬಿಚ್ಚಿದೆ.

'ನಾನು ವನಮಾಲಾ. ಈ ಸಭೆಯ ಪುಸ್ತಕದಿಂದ ನನ್ನ ತಂಗಿ ನಳಿನಾಕ್ಷಿಯ ಹೆಸರನ್ನು ನನ್ನ ಕೈಯಿಂದಲೇ ಹೊಡೆದುಹಾಕಿದೆ. ಅದು ನಂಬಿಕೆ ಎಂದುಕೊಂಡೆ, ಅದು ಸಿಟ್ಟು. ಅವಳೊಂದಿಗೆ ಸರಿಹೋಗದೆ ಕರ್ತನ ಮೇಜಿಗೆ ಹೋಗಲು ನನಗೆ ಮುಖವಿರಲಿಲ್ಲ, ಇಪ್ಪತ್ತೆರಡು ವರ್ಷ ಕೂತೇ ಇದ್ದೆ. ನಳಿನಾ, ಎಲ್ಲರೆದುರು ಮಾಡಿದ್ದಕ್ಕೆ ಎಲ್ಲರೆದುರೇ ಕೇಳುತ್ತೇನೆ. ಕ್ಷಮಿಸು.'

ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿದೆ. ಆಮೇಲೆ ಬಾಗಿಲ ಕಡೆಯಿಂದ ಒಂದು ದನಿ. 'ಇನ್ನೊಮ್ಮೆ ಓದು.'

ಅವರು ಬಂದಿದ್ದರು. ಕಂಬದ ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ ತಾರಾನಾಥರ ಜೊತೆ ನಿಂತಿದ್ದರು. ಯಾವಾಗ ಬಂದರೋ. ಎರಡನೇ ಸಲ ಕಂಬದ ಕಡೆ ತಿರುಗಿ ಗಟ್ಟಿಯಾಗಿ ಓದಿದೆ, ಆಂಟಿ. ಶಾಲೆಯಲ್ಲಿ ಬಹುಮಾನ ಬಂದಾಗಲೂ ಅಷ್ಟು ಜೋರಾಗಿ ಮಾತಾಡಿದವಳಲ್ಲ ನಾನು.

ಕರ್ತನ ಭೋಜನದ ಹೊತ್ತಿಗೆ ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು, ತಾವೇ ಮೇಜಿನ ಬಳಿಯಿಂದ ಕೆಳಗಿಳಿದು ಬಾಗಿಲ ಕಡೆಗೆ ಹೊರಟರು. ನನ್ನನ್ನು ತಡೆದ ಅದೇ ಅಯ್ಯನವರು. ನಳಿನಾಕ್ಷಿಯವರು ಕೈ ಎತ್ತಿ ಬೇಡವೆಂದರು, ತಾವೇ ಬರುವುದಾಗಿ ಹೇಳಿದರು. ನಡುದಾರಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರಲ್ಲ, ಗದಗಿನ ಚಂದವ್ವಜ್ಜಿ ಬೆಂಚಿನಿಂದ ಕೋಲು ಕುಟ್ಟಿದರು. 'ಹಾದಿ ಬಿಡ್ರಿ ಒಂದೀಟ. ಮನಿ ಮಗಳು ಬಂದಾಳ, ಮಕಾ ಏನ್ ನೋಡ್ತೀರಿ.' ಸಾಲು ಎರಡಾಗಿ ಸರಿಯಿತು. ಅವರು ಆ ಉದ್ದಕ್ಕೂ ನಡೆದರು, ಅವಸರವಿಲ್ಲದೆ, ತಲೆ ತಗ್ಗಿಸದೆ. ರೊಟ್ಟಿ ತೆಗೆದುಕೊಂಡರು, ಪಾತ್ರೆಯಿಂದ ಕುಡಿದರು. ಯಾರೂ ಹೇಳಿಕೊಡದೆ ಜನ ಹಾಡಲು ಶುರುಮಾಡಿದರು. ಯಾವಾಗಲೂ ಎಳೆದೆಳೆದು ಹಾಡುವ ನಿಮ್ಮ ಸಭೆ ಇವತ್ತು ಹಾರ್ಮೋನಿಯಂ ಹಿಂದೆ ಬೀಳುವಷ್ಟು ಬೇಗ ಹಾಡಿತು. ಪದ ಗೊತ್ತಿಲ್ಲದ ಸುಪ್ರೀತ್ ಚಪ್ಪಾಳೆ ತಟ್ಟಿದ. ಅಲ್ಲಿ ತಟ್ಟುವುದಿಲ್ಲವೆಂದು ಮೊಣಕೈಯಿಂದ ತಿವಿಯಲು ಹೋದವಳು ನಾನೂ ತಟ್ಟಿದೆ.

ಹೊರಗೆ ಮೆಟ್ಟಿಲ ಹತ್ತಿರ ನಳಿನಾಕ್ಷಿಯವರು ನನ್ನ ಎರಡೂ ಕೈ ಹಿಡಿದುಕೊಂಡರು. ನಿಮಗೆ ಪತ್ರ ಬರೆಯುತ್ತೇನೆಂದು ಹೇಳಿದೆ. ಹುಚ್ಚು ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು, 'ಬರಿ. ನಾನು ಹೋಗಿ ತಗೊಂಡೆ ಅಂತ ಬರಿ. ಇನ್ನು ಅಕ್ಕ ಕೂತುಕೊಳ್ಳುವುದು ಬೇಡ, ಅವಳೂ ಎದ್ದು ಹೋಗಲಿ' ಎಂದರು.

ಎದ್ದು ಹೋಗಿ, ಆಂಟಿ. ನಿಮ್ಮ ಕರ್ತನ ಮೇಜು ಅಲ್ಲಿ ಎಷ್ಟು ಉದ್ದವಿದೆಯೋ ನನಗೆ ಗೊತ್ತಿಲ್ಲ. ಎಷ್ಟೇ ಉದ್ದವಿರಲಿ, ಎಲ್ಲರಿಗಿಂತ ಮೊದಲು ಹೋಗಿ ನಿಲ್ಲಿ. ನಿಮ್ಮ ದೇವರು ನಿಮ್ಮನ್ನು ಹೆಸರು ಹಿಡಿದು ಕರೆಯಲಿ.

ಇಂದಿಗೂ ನಿಮ್ಮ ಕೆಳಮಹಡಿಯವಳೇ ಆದ,
ಯಾಮಿನಿ