ಕೈ ಇಡಲೊಂದು ತಲೆ

ನನ್ನ ಹೊಟ್ಟೆಯೊಳಗಿನ ಕೂಸೇ,

ನಿನಗೆ ಓದಲು ಬರುವುದಿಲ್ಲ, ಮುಂದೆಯೂ ಬರುತ್ತಿರಲಿಲ್ಲ. ನಿನಗೆ ಕಣ್ಣುಗಳಿವೆ, ಕಂಡದ್ದನ್ನು ತಿಳಿಯುವ ಮಿದುಳು ಇಲ್ಲ. ಇದನ್ನು ಇಷ್ಟು ಒರಟಾಗಿ ಬರೆಯುವ ತಾಯಿ ಎಂಥವಳು ಎಂದು ಜನ ಕೇಳಿಯಾರು. ಕೇಳಲಿ. ಒಂದು ವಾರದಿಂದ ಎಲ್ಲರೂ ನನ್ನ ಮುಂದೆ ಮೆತ್ತಗೆ ಮಾತಾಡಿ ಮಾತಾಡಿ ನನಗೆ ಸಾಕಾಗಿಹೋಗಿದೆ. ನಿನ್ನ ಹತ್ತಿರವಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾಳೆ ಬೆಳಿಗ್ಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ನಿನ್ನನ್ನು ಹೊರಗೆ ತೆಗೆಯುತ್ತಾರೆ. ನೀನಿನ್ನೂ ಐದು ತಿಂಗಳ ಕೂಸು. ಒಂಬತ್ತು ತುಂಬುವವರೆಗೆ ಕಾದರೂ ನೀನು ಉಳಿಯುವುದಿಲ್ಲ, ಹುಟ್ಟಿ ಒಂದೆರಡು ಗಳಿಗೆ ಉಸಿರಾಡಿದರೆ ಅದೇ ಹೆಚ್ಚು. ಬೇಡ ಎಂದು ತೀರ್ಮಾನಿಸಿದವಳು ನಾನೇ. ನಿನ್ನ ಅಪ್ಪ ಶ್ರೀಶೈಲ ಒಪ್ಪಿದ್ದಾರೆ. ಅದರಲ್ಲಿ ನನಗೆ ಗೊಂದಲವಿಲ್ಲ. ಗೊಂದಲವಿದ್ದದ್ದು ಅದರ ಮುಂದಿನದು, ತೆಗೆದ ಮೇಲೆ ನಿನ್ನನ್ನು ಎಲ್ಲಿಗೆ ಒಯ್ಯಬೇಕು ಎಂಬುದು.

ಮೊದಲು ನಾನು ಯಾರೆಂದು ಹೇಳಬೇಕು. ಹೆಸರು ರಾಜೇಶ್ವರಿ, ತವರು ರಾಮದುರ್ಗ, ನೇಸರಗಿಯ ಸೊಸೆ. ಬೆಳಗಾವಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮನುಷ್ಯನ ಅಂಗರಚನೆ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಬಿಳಿ ಇಲಿಗಳ ಮರಿಗಳಲ್ಲಿ ಊನ ಹುಟ್ಟಿಸುತ್ತೇನೆ. ಹೌದು, ಬೇಕೆಂದೇ. ಮೂರ್ಛೆರೋಗಕ್ಕೆ ಕೊಡುವ ಒಂದು ಔಷಧವನ್ನು ಬಸುರಿ ಇಲಿಗೆ, ಮರಿಯ ತಲೆ ಮೂಡುವ ದಿನಗಳಲ್ಲೇ ಚುಚ್ಚಿದರೆ ಆ ಮರಿಯ ಬುರುಡೆ ಮುಚ್ಚಿಕೊಳ್ಳುವುದಿಲ್ಲ. ಎಷ್ಟು ಔಷಧಕ್ಕೆ ಎಷ್ಟು ಮರಿ ಕೆಡುತ್ತವೆ, ಜೊತೆಗೆ ಫೋಲಿಕ್ ಆಮ್ಲ ಕೊಟ್ಟರೆ ಎಷ್ಟು ಉಳಿಯುತ್ತವೆ, ಇದನ್ನು ನೋಡುವುದು ನನ್ನ ಕೆಲಸ. ಕೆಟ್ಟ ಮರಿಯನ್ನು ತಾಯಿ ಇಲಿ ಹೆತ್ತ ಕೂಡಲೇ ತಿಂದುಬಿಡುತ್ತದೆ. ಅದಕ್ಕೇ ಹೆರಿಗೆಯ ಹಿಂದಿನ ದಿನ ತಾಯಿಯನ್ನು ಕೊಂದು ಮರಿಗಳನ್ನು ಹೊರಗೆ ತೆಗೆಯುತ್ತೇವೆ. ಮೂರ್ಛೆಯಿರುವ ಬಸುರಿಯರಿಗೆ ಯಾವ ಗುಳಿಗೆ ಕೊಡಬಹುದು, ಯಾವುದನ್ನು ಕೊಡಬಾರದು ಎಂದು ಡಾಕ್ಟರರಿಗೆ ತಿಳಿಯುವುದು ಇಂಥ ಕೆಲಸದಿಂದಲೇ. ಇದನ್ನು ನಾನು ಇವತ್ತೂ ಅಲ್ಲಗಳೆಯುವುದಿಲ್ಲ.

ಕಳೆದ ವರ್ಷ ಆ ಕೆಲಸ ಪರದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿ 'ಪ್ರಯೋಗದಿಂದ ಉಂಟುಮಾಡಿದ ಜನನದೋಷಗಳು' ಎಂಬ ಮಾತಿತ್ತು. ನಮ್ಮ ಕಡೆಯ ಒಂದು ಸಣ್ಣ ಪತ್ರಿಕೆಯವರು ಅದನ್ನು ತಮಗೆ ತಿಳಿದಂತೆ ಕನ್ನಡ ಮಾಡಿ, 'ಜನನದೋಷ ಉಂಟುಮಾಡಿದ ನೇಸರಗಿ ಸೊಸೆಗೆ ಸನ್ಮಾನ' ಎಂದು ನನ್ನ ಫೋಟೋ ಹಾಕಿದರು. ಸನ್ಮಾನವೂ ಆಯಿತು. ಶಾಲು ಹೊದಿಸಿ, ಹಾರ ಹಾಕಿ, ಸ್ಟೀಲಿನ ತಾಟು ಕೊಟ್ಟರು. ನಿನ್ನ ಅಪ್ಪ ಕಿತ್ತೂರಿನ ಶಾಲೆಯಲ್ಲಿ ಮಾಸ್ತರು. ಅಲ್ಲಿಯ ಗೆಳೆಯರು ಆ ಸುದ್ದಿಯ ತುಣುಕನ್ನು ವಾಟ್ಸಾಪಿನಲ್ಲಿ ಕಳಿಸಿ ಕಳಿಸಿ ಅವರನ್ನು ಕಾಡಿದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ.

ನೀನು ಬರುವ ಮೊದಲಿನಿಂದಲೇ ಫೋಲಿಕ್ ಗುಳಿಗೆ ನುಂಗುತ್ತಿದ್ದೆ. ಒಂದು ದಿನವೂ ತಪ್ಪಿಸಿದವಳಲ್ಲ. ಮೂರನೇ ತಿಂಗಳ ಸ್ಕ್ಯಾನಿಗೆ ಹೋಗುವುದು ಏನೇನೋ ಆಗಿ ತಪ್ಪಿತ್ತು, ಐದನೇ ತಿಂಗಳಿನದಕ್ಕೆ ಹೋದೆ. ಪರದೆಯ ಮೇಲೆ ನಿನ್ನ ಮುಖ ಬಂತು. ಮೂಗು, ತುಟಿ, ಗದ್ದ, ಹುಬ್ಬಿನವರೆಗೆ ಎಲ್ಲ ಸರಿಯಿತ್ತು. ಹುಬ್ಬಿನ ಮೇಲೆ ಏನೂ ಇರಲಿಲ್ಲ. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಹೇಗೆ ಹೇಳಲಿ ಎಂದು ಒದ್ದಾಡತೊಡಗಿದರು. ನಾನೇ ಆ ಊನದ ಹೆಸರು ಹೇಳಿದೆ. ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಹುಡುಗಿಯ ಹಾಗೆ ಥಟ್ಟನೆ ಹೇಳಿಬಿಟ್ಟೆ. ಅವತ್ತು ಬಸ್ಸಿನಲ್ಲಿ ಊರಿಗೆ ಬರುವಾಗ ನೀನು ಮೊದಲ ಸಲ ಒದ್ದೆ. ಮಿದುಳಿಲ್ಲದಿದ್ದರೂ ಬೆನ್ನುಹುರಿಯಿದ್ದರೆ ಕಾಲು ಆಡುತ್ತದೆ. ಅದನ್ನೂ ನಾನು ಪಾಠ ಮಾಡಿದ್ದೇನೆ. ಮುಂದಿನ ಸೀಟಿನ ಸರಳು ಹಿಡಿದುಕೊಂಡು ಗಳಗಳನೆ ಅತ್ತೆ.

ಆಮೇಲೆ ಕಾರಣ ಹುಡುಕಲು ಕುಳಿತೆ. ನೀನು ಬಂದ ಹೊಸದರಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಆ ಬಿಸಿಲೇ? ಬಂದ ಮೇಲೆ ಹತ್ತಿದ ಜ್ವರವೇ? ಕೈಗವಸು ಹಾಕಿಕೊಂಡೇ ಮುಟ್ಟಿದ್ದರೂ, ಆ ಔಷಧದ ಬಾಟಲಿಯೇ? ಯಾವುದೂ ಇರಲಿಕ್ಕಿಲ್ಲ, ಯಾವುದಾದರೂ ಇರಬಹುದು. ಇಲಿಮರಿಗಾದರೆ ಕಾರಣ ನಾನು, ಅದು ಗೊತ್ತು. ನಿನಗೆ ಕಾರಣ ಯಾರೆಂದು ನಾನು ಓದಿದ ಯಾವ ಪುಸ್ತಕವೂ ಹೇಳುವುದಿಲ್ಲ.

ಕಾರಣ ಹುಡುಕಲು ಊರಿಗೆ ಅಂಥ ಕಷ್ಟವಿರಲಿಲ್ಲ. ಪಕ್ಕದ ಮನೆಯ ಬೀರವ್ವ ನಳದ ಹತ್ತಿರ ಅಂದಳಂತೆ, "ಆಕಿ ಇಲಿಮರಿ ತಲಿ ತಗದ್ಲು, ದೇವ್ರು ಆಕಿ ಕೂಸಿನ ತಲಿ ತಗದ. ಲೆಕ್ಕ ಚುಕ್ತಾ." ನಾನು ಮೊದಲೇ ಸಿಟ್ಟಿನವಳು. ಜಗಳ ತೆಗೆಯಬೇಕೆಂದು ಚಪ್ಪಲಿ ಮೆಟ್ಟಿ ಹೊರಟವಳು ಹೊಸ್ತಿಲಲ್ಲೇ ನಿಂತೆ. ಹೋಗಿ ಏನು ಹೇಳುವುದು? ಕಾರಣ ಗೊತ್ತಿಲ್ಲ ಎಂಬ ನನ್ನ ಉತ್ತರಕ್ಕಿಂತ ಅವಳ ಉತ್ತರವೇ ಗಟ್ಟಿಯಾಗಿತ್ತು.

ನಿನ್ನ ಆಯಿ, ನಮ್ಮ ಅತ್ತೆ ಗುರವ್ವ, ಏನೂ ಅಂದಿರಲಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತ ತಮ್ಮಷ್ಟಕ್ಕೆ ತಾವು, "ಇಲಿಗೋಳ ಪಾಪ" ಅಂದರು. ನಾನು ಭುಗಿಲ್ಲೆಂದೆ.

"ನೀವೂ ಹಂಗ ಅಂತೀರೇನ್ರಿ ಅತ್ತಿ? ನಾ ಏನ್ ಪಾಪ ಮಾಡೇನಿ?"

ಅವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಅಯ್ಯ, ನೀ ಪಾಪ ಮಾಡೀದಿ ಅಂತ ಯಾರ್ ಅಂದ್ರವಾ? ಇಲಿಗೋಳು, ಪಾಪ, ಅಂದೆ. ನಿನಗರ ಹೇಳಾಕ ಡಾಕ್ಟರು ಅದಾರ, ಸಂಗಾಟ ಅಳಾಕ ನಾವು ಅದೇವಿ. ಆ ತಾಯಂದ್ರಿಗೆ ಯಾರಿದ್ರು?"

ನಾನು ಶಾಪವೆಂದು ಕೇಳಿಸಿಕೊಂಡ ಪದವನ್ನು ಅವರು ಮರುಗಿ ಅಂದಿದ್ದರು. ನನ್ನ ಲೇಖನದಲ್ಲಿ ತಾಯಿ ಇಲಿಗಳ ಬಗ್ಗೆ ಇದ್ದದ್ದು ಒಂದೇ ವಾಕ್ಯ, 'ತಾಯಂದಿರಲ್ಲಿ ಯಾವ ದುಷ್ಪರಿಣಾಮವೂ ಕಂಡುಬರಲಿಲ್ಲ.' ತೂಕ ಇಳಿದಿರಲಿಲ್ಲ, ತಿನ್ನುವುದು ಬಿಟ್ಟಿರಲಿಲ್ಲ. ಅಷ್ಟು ನೋಡಿಯೇ ಹಾಗೆ ಬರೆಯುವುದು ರೂಢಿ. ಈ ವಾರ ನನ್ನ ತೂಕವೂ ಇಳಿದಿಲ್ಲ. ತಾಟಿಗೆ ರೊಟ್ಟಿ ಹಾಕಿದರೆ ತಿನ್ನುತ್ತೇನೆ.

ಇನ್ನು ನನಗೆ ಸಂಶೋಧನೆ ಕಲಿಸಿದ, ಈಗ ನಮ್ಮ ವಿಭಾಗದ ಮುಖ್ಯಸ್ಥರಾಗಿರುವ ರಾಮಲಿಂಗಪ್ಪ ಸರ್. ಒಳ್ಳೆಯವರು. ನಿನ್ನೆ ಫೋನು ಮಾಡಿ, "ತಪ್ಪ ತಿಳೀಬ್ಯಾಡ್ರಿ ರಾಜೇಶ್ವರಿ. ಕೇಳಬೇಕೋ ಬ್ಯಾಡೋ ತಿಳೀವಲ್ದು. ಕೂಸನ್ನ ಡಿಪಾರ್ಟ್‌ಮೆಂಟಿಗೆ ಕೊಡತೀರೇನು?" ಎಂದರು. ಕೊಡುವುದೆಂದರೆ, ಔಷಧದ ನೀರು ತುಂಬಿದ ಗಾಜಿನ ಭರಣಿಯಲ್ಲಿ ನಿನ್ನನ್ನು ಇಟ್ಟು ಕಪಾಟಿನಲ್ಲಿ ನಿಲ್ಲಿಸುವುದು. ನಿನ್ನಂಥದೇ ಒಂದು ಕೂಸು ಅಲ್ಲಿ ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಇದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಆ ಭರಣಿಯನ್ನು ತಿರುಗಿಸಿ ತಿರುಗಿಸಿ ತೋರಿಸುವವಳು ನಾನು. ಅದನ್ನು ನೋಡಿ ಕಲಿತವರೇ ಈಗ ಎಲ್ಲೆಲ್ಲೋ ಡಾಕ್ಟರರಾಗಿದ್ದಾರೆ. ಕೊಡುವುದಿಲ್ಲ ಎಂದರೆ ನಾನು ಎಂಥ ಶಿಕ್ಷಕಿ, ಕೊಡುತ್ತೇನೆ ಎಂದರೆ ಎಂಥ ತಾಯಿ? ನಿನ್ನ ಅಪ್ಪನನ್ನು ಕೇಳಿದೆ. "ನಿನ್ನ ಹೊಟ್ಟಿ, ನಿನ್ನ ವಿದ್ಯಾ. ನೀ ಹೆಂಗ ಅಂತಿ ಹಂಗ" ಎಂದು ಎದ್ದು ಹಿತ್ತಲಿಗೆ ಹೋದರು. ಅವರು ಅಳುವುದು ಅಲ್ಲೇ.

ನಿಜ ಹೇಳುತ್ತೇನೆ, ಕೊಡುವ ಕಡೆಗೇ ನನ್ನ ಮನಸ್ಸು ವಾಲಿತ್ತು. ವಿದ್ಯೆಯ ಸಲುವಾಗಿ ಅಲ್ಲ. ಭರಣಿಯಲ್ಲಾದರೆ ನೀನು ಕೊಳೆಯುವುದಿಲ್ಲ, ದಿನವೂ ನನ್ನ ಕಣ್ಣಿಗೆ ಬೀಳುತ್ತೀ ಎಂಬ ಆಸೆ.

ಇವತ್ತು ಬೆಳಿಗ್ಗೆ ಗುರವ್ವ ಯಾರನ್ನೂ ಕೇಳದೆ ಮಠದ ಅಯ್ಯನವರನ್ನು ಮನೆಗೆ ಕರೆಸಿದರು. ನಮ್ಮವರಲ್ಲಿ ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟಿಸುವ ಪದ್ಧತಿಯಿದೆ. ಕೂಸಿನ ಪರವಾಗಿ ತಾಯಿ ಕಟ್ಟಿಸಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಆ ಕೂಸು ಹುಟ್ಟುವ ಮೊದಲೇ ಮನೆಯ ಮನುಷ್ಯ. ಈ ಮನೆಯ ಮನುಷ್ಯರು ಸತ್ತರೆ ಹೋಗುವುದು ಹೊಲದ ಮಣ್ಣಿಗೆ, ಬೇರೆಲ್ಲಿಗೂ ಅಲ್ಲ.

ಅಯ್ಯನವರು ಗಲಿಬಿಲಿಗೊಂಡರು. "ಇನ್ನೂ ಐದ ತಿಂಗಳಲ್ರೀ ಗುರವ್ವಾರ?"

"ಅದಕ್ಕ ಎಂಟ ಆಗಾಂಗಿಲ್ರಿ ಅಯ್ಯಾರ. ಈಗ ಕಟ್ರಿ."

"ಕಟ್ಟೋದೇನ್ ಕಟ್ಟತೇನಿ. ಆದ್ರ ಮಂತ್ರ ಹೇಳುಮುಂದ ತಲಿ ಮ್ಯಾಲ ಕೈ ಇಡಬೇಕು. ಹೊಟ್ಟ್ಯಾಗಿಂದ ಆದ್ರೂ ಅದರ ತಲಿ ಅಂತ ಮನಸಿನ್ಯಾಗ ಹಿಡದ ಇಡಬೇಕು. ಇದಕ್ಕ ತಲೀನ ಇಲ್ಲ ಅಂತೀರಿ. ನಾ ಎಲ್ಲಿ ಇಡ್ಲಿ?"

ಆ ಹಿರಿಯರು ಕೊಂಕಿನಿಂದ ಕೇಳಿರಲಿಲ್ಲ. ಈ ವಾರ ನಿನ್ನ ಬಗ್ಗೆ ಮಾತಾಡಿದವರಲ್ಲಿ ನಿನ್ನ ತಲೆ ತಮಗೆ ನಿಜವಾಗಿಯೂ ಬೇಕಾಗಿ ಹುಡುಕಿದವರು ಅವರೊಬ್ಬರೇ. ಗುರವ್ವ ನನ್ನ ಭುಜ ಹಿಡಿದು ಅವರ ಮುಂದೆ ಕೂರಿಸಿದರು.

"ಅದರ ಅವ್ವಗ ತಲಿ ಐತೆಲ್ಲ. ಅದರ ಮ್ಯಾಲ ಇಡ್ರಿ."

ಅಯ್ಯನವರು ಇಟ್ಟರು. ನಾನು ಇದನ್ನೆಲ್ಲ ನಂಬುವವಳಲ್ಲ. ನನ್ನ ಲಿಂಗ ಕೊರಳು ಬಿಟ್ಟು ದೇವರ ಗೂಡಿನಲ್ಲಿ ಕುಳಿತು ವರ್ಷಗಳಾಗಿವೆ. ಆದರೆ ನಿನಗೆ ಇಲ್ಲದ ಒಂದು ನನ್ನ ಹತ್ತಿರ ಇತ್ತು, ಅದನ್ನು ಬಗ್ಗಿಸಿ ಕೊಟ್ಟೆ. ಆ ಮಂತ್ರ ನಿನಗೆ ತಲುಪಿತೇ ಎಂದು ನನ್ನನ್ನು ಕೇಳಬೇಡ. ಅಯ್ಯನವರು ಎದ್ದುಹೋದ ಮೇಲೆ ಸರ್‌ಗೆ ಫೋನು ಮಾಡಿ, ಕೊಡುವುದಿಲ್ಲ ಎಂದೆ. "ಆತು ಬಿಡ್ರಿ" ಎಂದರು.

ನಾಳೆ ನಿನ್ನ ಅಪ್ಪ ನಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊಲಕ್ಕೆ ತರುತ್ತಾರೆ. ನಾನು ಆಸ್ಪತ್ರೆಯ ಮಂಚದ ಮೇಲಿರುತ್ತೇನೆ, ನಿನ್ನ ಮಣ್ಣಿಗೆ ಬರಲಾಗುವುದಿಲ್ಲ. ಎದೆಯಲ್ಲಿ ಹಾಲು ಬಂದರೂ ಬಂದೀತು, ಅದು ನಿಲ್ಲಲು ಗುಳಿಗೆ ಕೊಡುತ್ತಾರೆ. ಕೆಲವು ವಾರ ಕಳೆದ ಮೇಲೆ ಮತ್ತೆ ಇಲಿಗಳ ಹತ್ತಿರ ಹೋಗುತ್ತೇನೆ. ಹೋಗುವುದಿಲ್ಲ ಎಂದು ನಿನಗೆ ಸುಳ್ಳು ಹೇಳಲಾರೆ. ಸೂಜಿ ಹಿಡಿದಾಗ ಕೈ ಹೇಗೆ ಆಡುತ್ತದೋ ನೋಡಬೇಕು.

ಹೊರಟವರಿಗೆ ನಾವು ಬರೀ 'ಹೋಗು' ಎನ್ನುವುದಿಲ್ಲ, 'ಹೋಗಿ ಬಾ' ಎನ್ನುತ್ತೇವೆ. ನಿನಗೆ ನಾನು 'ಬಾ' ಸೇರಿಸುವುದಿಲ್ಲ. ಹೀಗೆ ಇನ್ನೊಮ್ಮೆ ಯಾರ ಹೊಟ್ಟೆಗೂ ಬರಬೇಡ. ಹೋಗು ನನ್ನ ಕೂಸೇ, ತಣ್ಣಗಿರು.

ಒಂದು ಗಳಿಗೆ ನಿನ್ನ ತಲೆಯೂ ಆಗಿದ್ದ
ನಿನ್ನ ಅವ್ವ,
ರಾಜೇಶ್ವರಿ