ಗುರಾಣಿಯವನ ಹೊಸ ಕೆಲಸ

ಮನೆ, ಮಹಡಿಯ ಕೋಣೆ
ಹನ್ನೆರಡನೇ ತಾರೀಖು, ಮಂಗಳವಾರ

ಪ್ರೀತಿಯ ಮಗಳಿಗೆ,

ಮೊದಲು ಸೊಸೆ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಮಸಿಯ ಗುಡ್ಡೆ ಕಾಣುತ್ತದಲ್ಲ, ಅದೇ. ಬೇರೆ ಹಾಳೆ ತೆಗೆಯಬಹುದಿತ್ತು, ಆದರೆ ಇದು ಈಗಾಗಲೇ ಐದನೆಯದು.

ಹೇಗಿದ್ದೀಯ? ನೀನು ಹೊಸದಾಗಿ ಕೆಲಸಕ್ಕೆ ಸೇರಿದ ಆ ಊರಿನ ಆಸ್ಪತ್ರೆಯಲ್ಲೂ ಎಕ್ಸ್-ರೇ ಕೋಣೆ ನೆಲಮಾಳಿಗೆಯಲ್ಲೇ ಇದೆಯಂತೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಸುತ್ತು ಬಿಸಿಲಿಗೆ ಬಾ. ಸೀಸದ ಆ ಅಂಗಿ ಹೊತ್ತು ಹೊತ್ತು ನಿನ್ನ ಬೆನ್ನು ಹಿಡಿದುಕೊಂಡಿದೆ ಎಂದು ನಿನ್ನ ಗಂಡ ಹೇಳಿದ. ಅವನು ಚೆನ್ನಾಗಿದ್ದಾನೆ, ಪಾಳಿ ಮುಗಿಸಿ ಬಂದವನೇ ಗೋಡೆಯ ಕ್ಯಾಲೆಂಡರಿನಲ್ಲಿ ನಿನ್ನ ರಜದ ದಿನ ಹುಡುಕುತ್ತಾನೆ, ನಾವು ನೋಡಿದರೆ ಹಾಲಿನವನ ಬಾಬ್ತು ನೋಡುವವನಂತೆ ನಟಿಸುತ್ತಾನೆ. ನಿನ್ನ ಅತ್ತೆ ಆರಾಮ. ನನ್ನ ಮೊಣಕಾಲಿನ ವಿಷಯ ಕೇಳಬೇಡ, ಫೋನಿನಲ್ಲಿ ಅದೊಂದನ್ನೇ ಹೇಳಿ ಹೇಳಿ ಸಾಕಾಗಿದೆ. ಬೇರೆ ಮಾತು ಹೇಳೋಣವೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಹೆದರಿ ಮೊಣಕಾಲಿನ ಕಡೆಗೆ ತಿರುಗಿಸಿಬಿಟ್ಟೆ. ಅದಕ್ಕೇ ಈ ಕಾಗದ.

ಸುದ್ದಿ ಏನೆಂದರೆ, ನಮ್ಮ ಕಂಪ್ಯೂಟರ್ ಆಟದ ಎರಡನೆಯ ಭಾಗ ಬಂದಿದೆ. ನೀನು ಹೋದ ಮೇಲೆ ಒಂದು ದಿನವಾದರೂ ಆಟದ ಮಾತು ಎತ್ತಲಿಲ್ಲ, ಆದ್ದರಿಂದ ನಿನಗೆ ಗೊತ್ತಿದೆಯೋ ಇಲ್ಲವೋ. ನಿನಗೆ ನೆನಪಿರಬಹುದು, ಕಾಲಿನ ಆಪರೇಷನ್ ಆಗಿ ನಾನು ಮಂಚಕ್ಕೂ ಗೋಡೆಗೂ ಬೈಯುತ್ತಾ ಬಿದ್ದಿದ್ದಾಗ ನೀನೇ ಹಳೆಯ ಕಂಪ್ಯೂಟರ್ ತಂದು ಮುಂದಿಟ್ಟವಳು. "ಮೂವತ್ತೊಂದು ವರ್ಷ ಬಸ್ ಓಡಿಸಿದ ಕೈ, ಸುಮ್ನಿದ್ರೆ ತುಕ್ಕು ಹಿಡಿಯುತ್ತೆ ಮಾವ" ಅಂದೆ. ನನ್ನನ್ನು ಗುರಾಣಿಯವನನ್ನಾಗಿ ಮಾಡಿದೆ. ಎಲ್ಲರಿಗಿಂತ ಮುಂದೆ ನಿಲ್ಲು, ಏಟು ತಿನ್ನು, ಜಗ್ಗಬೇಡ. ಡ್ರೈವರನಿಗೆ ಹೇಳಿ ಮಾಡಿಸಿದಂಥ ಕೆಲಸ. ನೀನು ಮದ್ದಿನವಳು, ಹಿಂದೆ ನಿಂತು ನಮ್ಮ ಗಾಯ ಮಾಯಿಸುವವಳು. ಬಸ್ಸಿನಲ್ಲಿ ಮುಂದಿನ ರಸ್ತೆ ನನ್ನದು. ಹಿಂದೆ ಯಾರು ಹತ್ತಿದರು, ಯಾರು ಬಿದ್ದರು, ಯಾರ ಮಗು ವಾಂತಿ ಮಾಡಿತು ಎಂಬುದೆಲ್ಲ ಕಂಡಕ್ಟರನ ತಲೆನೋವು. ಅವನು ಒಂದು ಸಲ ಗಂಟೆ ಹೊಡೆದರೆ ನಿಲ್ಲಿಸಬೇಕು, ಎರಡು ಹೊಡೆದರೆ ಹೊರಡಬೇಕು. ಆಟದಲ್ಲೂ ಹಾಗೆಯೇ ಇತ್ತು. ಮದ್ದು ಹಾಕುವ ನಿನ್ನ ಶಕ್ತಿ ತುಂಬಿದ ಮೇಲೆ ನೀನು "ರೈಟ್ ಮಾವ" ಅನ್ನುತ್ತಿದ್ದೆ, ನಾನು ನುಗ್ಗುತ್ತಿದ್ದೆ.

ಹೊಸ ಆಟದಲ್ಲಿ ಎಲ್ಲವನ್ನೂ ಅದಲುಬದಲು ಮಾಡಿಬಿಟ್ಟಿದ್ದಾರೆ. ಕತ್ತಿಯವರನ್ನು ಎರಡು ಪಂಗಡ ಮಾಡಿದ್ದಾರೆ, ಭಾರದ ಕತ್ತಿ, ಹಗುರದ ಕತ್ತಿ. ನಮ್ಮ ಗುಂಪಿನ ಬೇಕರಿಯವನು ಭಾರದ್ದು ತೆಗೆದುಕೊಂಡು ಒಂದು ವಾರ ಅದನ್ನು ಎತ್ತಲಾರದೆ ಒದ್ದಾಡಿದ. ದೂರದಿಂದಲೇ ಬಾಣ ಬಿಡುತ್ತಿದ್ದ ಹಲ್ಲಿನ ಡಾಕ್ಟರ್ ಈಗ ಹತ್ತಿರ ಹೋಗಿ ಚೂರಿಯಲ್ಲಿ ತಿವಿಯಬೇಕು. ದಿನವೂ ಜನರ ಬಾಯೊಳಗೆ ಕೈ ಹಾಕುವ ಮನುಷ್ಯ, ಇಲ್ಲಿ ಮಾತ್ರ ಹತ್ತಿರ ಹೋಗಲು ಹೆದರುತ್ತಾನೆ. ಆದರೆ ಮದ್ದಿನವರು ಎಂಬ ಪಂಗಡವೇ ಇಲ್ಲ, ಮಗಳೇ. ಪಟ್ಟಿಯನ್ನು ಮೇಲಿಂದ ಕೆಳಗೆ ಮೂರು ಸಲ ಹುಡುಕಿದೆ. ಅವರ ಕೆಲಸವನ್ನು ತೆಗೆದು ಯಾರಿಗೆ ಕೊಟ್ಟಿದ್ದಾರೆ ಹೇಳು ನೋಡೋಣ? ಗುರಾಣಿಯವರಿಗೆ! ನಾನು ಗುರಾಣಿಯನ್ನು ನೆಲಕ್ಕೆ ಕುಟ್ಟಿದರೆ ಸುತ್ತ ಇದ್ದವರ ಗಾಯ ಮಾಯಬೇಕು. ನನ್ನ ಗಾಯ ಮಾತ್ರ ನಾನು ಮಾಯಿಸಿಕೊಳ್ಳುವಂತಿಲ್ಲ. ಸ್ಟೀರಿಂಗ್ ಕಿತ್ತುಕೊಂಡು ಕುತ್ತಿಗೆಗೆ ಚೀಲ ನೇತುಹಾಕಿ ಹಿಂದಕ್ಕೆ ಕಳಿಸಿದ ಹಾಗಾಯಿತು.

ಇದರಲ್ಲೇನು ಮಹಾ ಅಂದುಕೊಂಡು ಕುಳಿತೆ. ತೆರೆಯ ಎಡಗಡೆ ಹತ್ತು ಹಸಿರು ಗೆರೆಗಳು, ಒಬ್ಬೊಬ್ಬರ ಜೀವ ಒಂದೊಂದು ಗೆರೆ. ಒಂದನ್ನು ನೋಡುವಷ್ಟರಲ್ಲಿ ಇನ್ನೊಂದು ಕೆಂಪಾಗಿರುತ್ತದೆ. ಎದುರಿಗಿರುವ ರಾಕ್ಷಸನ ಮುಖ ಹೇಗಿದೆ ಎಂದು ನೋಡಲೂ ಪುರುಸೊತ್ತಿಲ್ಲ. ಮೊದಲ ಭಾನುವಾರವೇ ಹಲ್ಲಿನ ಡಾಕ್ಟರ್ ಮೂರು ಸಲ ಸತ್ತ. "ಮಾವ, ಸ್ವಲ್ಪ ಈ ಕಡೇನೂ ನೋಡಿ ಮಾವ!" ಎಂದು ಕಂಪ್ಯೂಟರಿನ ಆ ಕಡೆಯಿಂದ ಕೂಗಿದ. ನೀನು ಕರೆದು ಕರೆದು ಊರಿಗೆಲ್ಲ ಮಾವನಾಗಿದ್ದೇನಲ್ಲ! ನಾನು ಸಿಟ್ಟಿನಲ್ಲಿ "ಬೆಂಕಿಲಿ ನಿಂತ್ಕೊಂಡು ಮದ್ದು ಕೇಳಿದ್ರೆ ಎಲ್ಲಿಂದ ತರ್ಲಿ? ಮೊದ್ಲು ಈಚೆ ಬಾರಯ್ಯ" ಅಂದೆ. ಅಂದ ಮೇಲೆ ಗೊತ್ತಾಯಿತು. ಅದು ನಿನ್ನ ಮಾತು. ನಾಲ್ಕು ವರ್ಷ ನೀನು ಪಕ್ಕದ ಕೋಣೆಯಿಂದ ಮೆಲ್ಲಗೆ "ಮಾವ, ಬೆಂಕಿಯಿಂದ ಒಂದ್ ಹೆಜ್ಜೆ ಈಚೆ ಬನ್ನಿ" ಅನ್ನುತ್ತಿದ್ದೆ. "ನಿನ್ ಕೆಲ್ಸ ನೀನು ನೋಡ್ಕೊ" ಎಂದು ಎಲ್ಲರ ಕಿವಿಗೂ ಬೀಳುವಂತೆ ನಾನು ಗದರುತ್ತಿದ್ದೆ. ನಾನು ಸತ್ತರೆ "ಏನಮ್ಮಾ, ನಿದ್ದೆ ಬಂತಾ?" ಎಂದು ಕೇಳುತ್ತಿದ್ದೆ. ಅದನ್ನು ತಮಾಷೆ ಎಂದುಕೊಂಡಿದ್ದೆ. ಬೇಕರಿಯವನು ನಗುತ್ತಿದ್ದ, ಆದ್ದರಿಂದ ತಮಾಷೆಯೇ ಇರಬೇಕು ಎಂದುಕೊಂಡಿದ್ದೆ.

ಇನ್ನೊಂದು ಮಾತು. ಗುರಾಣಿ ಕುಟ್ಟಿದ ಕೂಡಲೇ ಗಾಯ ಮಾಯುವುದಿಲ್ಲ, ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಆಸಾಮಿ ಸತ್ತೇ ಹೋಗಿರುತ್ತಾನೆ. ಇದು ಹೊಸ ಆಟದ ದೋಷ ಎಂದು ರೇಗಾಡಿದೆ. ಆಗ ಬೇಕರಿಯವನು, "ಹಳೇ ಆಟದಲ್ಲೂ ಮದ್ದಿಗೆ ಎರಡು ಸೆಕೆಂಡ್ ಬೇಕಿತ್ತು ಮಾವ. ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ" ಅಂದ. ನನಗೆ ಗೊತ್ತಾಗದೇ ಇದ್ದದ್ದು ಯಾಕೆ? ಏಟು ಬೀಳುವ ಮೊದಲೇ ನೀನು ಮದ್ದು ಕಳಿಸಿರುತ್ತಿದ್ದೆ. ನಾನು ಯಾವ ಕಡೆ ಎಡವುತ್ತೇನೆ, ಎಲ್ಲಿ ದುಡುಕುತ್ತೇನೆ, ಎಲ್ಲಿ ಪೌರುಷ ತೋರಿಸಲು ಹೋಗಿ ಒದೆ ತಿನ್ನುತ್ತೇನೆ ಎಂಬುದು ನನಗಿಂತ ಎರಡು ಸೆಕೆಂಡು ಮೊದಲು ನಿನಗೆ ತಿಳಿದಿರುತ್ತಿತ್ತು. ಇಷ್ಟು ವರ್ಷ ನಾನು ನನ್ನದೇ ಗಟ್ಟಿತನದಿಂದ ನಿಂತಿದ್ದೇನೆ ಎಂದು ಬೀಗುತ್ತಿದ್ದೆ. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಇನ್ನು ಕೆಲಸದ ಮಾತಿಗೆ ಬರುತ್ತೇನೆ. ಹಳೆಯ ಆಟವನ್ನು ಈ ತಿಂಗಳ ಮೂವತ್ತಕ್ಕೆ ಮುಚ್ಚುತ್ತಾರೆ. ಅಷ್ಟರೊಳಗೆ ಅಲ್ಲಿ ನಾವು ಆಡಿಸುತ್ತಿದ್ದವರನ್ನು ಹೊಸದಕ್ಕೆ ದಾಟಿಸಿಕೊಳ್ಳಬೇಕು, ಇಲ್ಲದಿದ್ದರೆ ಅಳಿಸಿಹೋಗುತ್ತಾರೆ. ಮದ್ದಿನವರಿಗೆ ಮೂರು ದಾರಿ ಕೊಟ್ಟಿದ್ದಾರೆ. ಉರಿಯವಳಾಗಬಹುದು, ಮಾಯಿಸುತ್ತಿದ್ದ ಸೊಪ್ಪುಬೇರಿನಿಂದಲೇ ಸುಡುವುದು. ನೆರಳಿನವಳಾಗಬಹುದು, ಯಾರಿಗೂ ಕಾಣದೆ ಓಡಾಡುವುದು. ಇಲ್ಲವೇ ನನ್ನ ಹಾಗೆ ಗುರಾಣಿ ಹಿಡಿಯಬಹುದು. ಒಮ್ಮೆ ಆರಿಸಿದರೆ ಮತ್ತೆ ಬದಲಾಯಿಸಲು ಬರುವುದಿಲ್ಲ. ನಿನ್ನ ಪಾಸ್‌ವರ್ಡಿನ ಚೀಟಿ ಕೀಬೋರ್ಡಿನ ಅಡಿಯಲ್ಲೇ ಇದೆ. ನೀವೇ ದಾಟಿಸಿಬಿಡಿ ಮಾವ ಎಂದು ಗುಂಪಿನವರು ಹೇಳಿದರು. ಒಂದು ಸಾಯಂಕಾಲ ನಿನ್ನ ಕುರ್ಚಿಯಲ್ಲಿ ಕೂತೆ. ಒಳಗೆ ಹೋದರೆ ನಿನ್ನ ಮದ್ದಿನವಳು ಕಲ್ಲುರಾಣಿ ಎಂಬ ಆ ರಾಕ್ಷಸಿಯ ಗುಹೆಯ ಬಾಗಿಲಲ್ಲಿ, ಹೋದ ವರ್ಷದ ಆ ಭಾನುವಾರ ನೀನು ಬಿಟ್ಟು ಎದ್ದ ಜಾಗದಲ್ಲೇ, ಬುಟ್ಟಿ ಹಿಡಿದು ನಿಂತಿದ್ದಾಳೆ. ನಾನು ಏನನ್ನೂ ಮುಟ್ಟಲಿಲ್ಲ. ಎದ್ದು ಬಂದೆ. ಅವಳು ಏನಾಗಬೇಕು ಎಂಬುದನ್ನು ನೀನು ಹೇಳಬೇಕು. ಏನೂ ಆಗುವುದು ಬೇಡವೆಂದರೆ ಅದನ್ನೂ ನೀನೇ ಹೇಳಬೇಕು.

ಮೈಮೇಲೆ ಗಮನವಿರಲಿ. ನಿನ್ನ ಅತ್ತೆ ಉಣ್ಣೆಯ ಕಾಲುಚೀಲ ಹೆಣೆದಿಟ್ಟಿದ್ದಾಳೆ, ಒಂದು ಇನ್ನೊಂದಕ್ಕಿಂತ ಉದ್ದವಾಗಿದೆ, ನೀನು ನೋಡಿಯೂ ನೋಡದಂತೆ ಹಾಕಿಕೊ. ನೀನು ಹಿಡಿದ ಕೆಲಸ ನಿನಗೆ ಹಗುರವಾಗಲಿ, ನಿನ್ನ ಮನಸ್ಸಿಗೆ ನೆಮ್ಮದಿಯಾಗಲಿ ಎಂದು ಹಾರೈಸುವ,

ನಿನ್ನ ಮಾವ
(ಮಾಜಿ ಡ್ರೈವರ್, ಹಾಲಿ ಕಂಡಕ್ಟರ್)

ಮರೆತಿದ್ದೆ. ಮರೆತಿದ್ದೆ ಎಂದು ಬರೆದದ್ದೂ ಸುಳ್ಳು. ಇದನ್ನು ಬರೆಯುವುದಕ್ಕೇ ನಾಲ್ಕು ಹಾಳೆ ಹಾಳು ಮಾಡಿದ್ದು, ಅಂಚೆಯವನು ಬರುವ ಹೊತ್ತಾಯಿತು, ಅದಕ್ಕೆ ಬೇಗ ಬೇಗ ಬರೆಯುತ್ತಿದ್ದೇನೆ.

ಕಲ್ಲುರಾಣಿಯ ಮೇಲೆ ಹೋದ ಆ ಭಾನುವಾರ, ಮೂರು ತಿಂಗಳು ಹತ್ತು ಜನ ಸೇರಿ ಮಾಡಿದ ತಯಾರಿ ಒಂದು ಗಳಿಗೆಯಲ್ಲಿ ಮಣ್ಣುಪಾಲಾಯಿತಲ್ಲ, ಅಂದು ನೀನು ರೈಟ್ ಅಂದಿರಲಿಲ್ಲ. ನೀರಿನ ಕ್ಯಾನಿನವನು ಬಂದು ನಮ್ಮ ಬಾಗಿಲ ಗಂಟೆ ಒತ್ತಿದ. ಎರಡು ಸಲ ಒತ್ತಿದ. ಎರಡು ಗಂಟೆ ಕೇಳಿಸಿತು, ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ಮೂವತ್ತೊಂದು ವರ್ಷದ ಅಭ್ಯಾಸ. ನಿನ್ನ ಶಕ್ತಿ ಅರ್ಧವೂ ತುಂಬಿರಲಿಲ್ಲ, ಎಲ್ಲರೂ ಸತ್ತು ಮತ್ತೆ ಗುಹೆಯ ಬಾಗಿಲಿಗೇ ಬಂದು ನಿಂತರು. ಕೈ ಮಾಡಿದ್ದು ಅಭ್ಯಾಸ ಸರಿ, ಬಾಯಿ ಮಾಡಿದ್ದಕ್ಕೆ ಏನು ಹೇಳಲಿ? "ಯಾಕೆ ಮಾವ ಹೋದ್ರಿ?" ಎಂದು ಗುಂಪಿನವರು ಕೇಳಿದಾಗ "ಪಕ್ಕದ ಕೋಣೆಯಿಂದ ಸೊಸೆ ರೈಟ್ ಅಂದ್ಲು, ಹೋದೆ" ಅಂದೆ. ನೀನು ಅಲ್ಲಿಂದಲೇ "ಹೌದು, ಅವಸರ ಮಾಡ್ಬಿಟ್ಟೆ" ಅಂದೆ. ಅವರು ನಿನ್ನನ್ನು ಮದ್ದಿನವರ ಮುಂದಾಳುತನದಿಂದ ತೆಗೆದರು. ನೀನು ಎದ್ದು ಹೋಗಿ ಬಾಗಿಲು ತೆಗೆದು ನೀರಿನ ಕ್ಯಾನು ಒಳಗಿಟ್ಟೆ, ನನಗೂ ಒಂದು ಲೋಟ ತಂದುಕೊಟ್ಟೆ. ಗಂಟೆ ನಿನಗೂ ಕೇಳಿಸಿತ್ತು. ನಾನು ಆ ನೀರು ಕುಡಿದೆ.

ಮೊನ್ನೆ ನಿನ್ನ ಅತ್ತೆಗೆ ಹೇಳಿದೆ. "ಆ ಹುಡುಗಿ ಬಾಯಿ ಬಿಡ್ಲಿಲ್ಲ, ನಿಮಗೆ ಬಾಯಿ ಮುಚ್ಚೋಕೆ ಬರ್ಲಿಲ್ಲ" ಅಂದಳು. ನಿನ್ನೆ ಸಾಯಂಕಾಲ ಗುಂಪಿನ ಎಲ್ಲರ ಎದುರು ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬೇಕರಿಯವನು ಮಾತ್ರ "ಒಂದ್ ವರ್ಷ ಯಾಕೆ ಹೇಳ್ಲಿಲ್ಲ ಮಾವ?" ಎಂದು ಕೇಳಿದ. ಮುಂದಾಳುತನ ನಿನ್ನದೇ ಎಂದು ಬರೆದಿಟ್ಟಿದ್ದಾರೆ, ನೀನು ಬಂದರೂ ಸರಿ, ಬಾರದಿದ್ದರೂ ಸರಿ.

ಬಾಗಿಲ ಗಂಟೆಯ ತಂತಿ ಕಿತ್ತುಹಾಕಿದ್ದೇನೆ. ಈಗ ಬಂದವರೆಲ್ಲ ಬಾಗಿಲು ಗುದ್ದುತ್ತಾರೆ, ನಿನ್ನ ಅತ್ತೆ ಬೈಯುತ್ತಾಳೆ. ಹಳೆಯ ಆಟಕ್ಕೆ ಹೋಗಿ, ದಾಟಿಸಿದ ಮೇಲೂ ಅಲ್ಲೇ ಉಳಿದಿರುವ ನನ್ನ ಹಳೆಯ ಗುರಾಣಿಯವನನ್ನು ಆ ಗುಹೆಯ ಬಾಗಿಲಿಗೆ ತಂದು ನಿನ್ನವಳ ಮುಂದೆ ನಿಲ್ಲಿಸಿದ್ದೇನೆ. ಮೂವತ್ತರವರೆಗೆ ಅಲ್ಲೇ ಇರುತ್ತಾನೆ. ಈ ಸಲ ನೀನು ರೈಟ್ ಅನ್ನುವವರೆಗೆ ಕದಲುವುದಿಲ್ಲ.